ಪ್ರಶ್ನೆ ಕೇಳುವುದನ್ನು ಕಲಿಸಿದ ಡಾ. ವಿಕ್ರಮ್ ಸಾರಾಭಾಯಿ

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ಲ್ಯಾಂಡರ್ ಚಂದ್ರನ ಮೇಲೆ ಇಳಿದಾಗ ನಾಡಿನ ಮಕ್ಕಳೆಲ್ಲರ ಬಾಯಲ್ಲಿ ವಿಕ್ರಮ್ ಎಂಬ ಹೆಸರು ಇತ್ತು. ಆ ಹೆಸರು ಅಹಮದಾಬಾದಿನ ಒಂದು ಜೈನ ವ್ಯಾಪಾರಿ ಮನೆತನದ ಮಗನದು ಎಂಬುದು ನಮ್ಮ ಸಮಾಜದ ಹಿರಿಯರಿಗೆ ತಿಳಿದ ಸಂಗತಿಯೇ. ಭಾರತದ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಅಡಿಪಾಯ ಹಾಕಿದವರು ಎಂದು ಡಾ. ವಿಕ್ರಮ್ ಸಾರಾಭಾಯಿಯವರ ಬಗ್ಗೆ ಸಾಕಷ್ಟು ಲೇಖನಗಳು ಬಂದಿವೆ. ಆದರೆ ಮಕ್ಕಳು ಹೇಗೆ ಕಲಿಯಬೇಕು, ಅಧ್ಯಾಪಕರು ಹೇಗೆ ಕಲಿಸಬೇಕು ಎಂಬುದರ ಬಗ್ಗೆ ಅವರು ಮಾಡಿದ ಕೆಲಸ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ರಾಕೆಟ್ಟಿನ ಹೊಗೆಯ ಹಿಂದೆ ಅದು ಮರೆಯಾಗಿಬಿಟ್ಟಿದೆ.

ವಿಕ್ರಮ್ ಹುಟ್ಟಿದ್ದು 1919ರ ಆಗಸ್ಟ್ 12ರಂದು. ತಂದೆ ಅಂಬಾಲಾಲ್ ಸಾರಾಭಾಯಿ, ತಾಯಿ ಸರಳಾದೇವಿ. ಕ್ಯಾಲಿಕೊ ಗಿರಣಿಯ ಒಡೆಯರಾದ ಅಂಬಾಲಾಲರು ಆ ಕಾಲದ ಅಹಮದಾಬಾದಿನ ಬಹುದೊಡ್ಡ ಶ್ರೀಮಂತರು. ಸಾಬರಮತಿ ದಂಡೆಯ ಶಾಹಿಬಾಗ್‌ನಲ್ಲಿ ಅವರ ವಿಶಾಲವಾದ ಮನೆ, ಅದರ ಹೆಸರು ರಿಟ್ರೀಟ್. ಗಾಂಧೀಜಿ 1915ರಲ್ಲಿ ತಮ್ಮ ಆಶ್ರಮಕ್ಕೆ ಅಸ್ಪೃಶ್ಯರೆನಿಸಿಕೊಂಡ ಕುಟುಂಬವೊಂದನ್ನು ಸೇರಿಸಿಕೊಂಡಾಗ ಊರಿನ ಧನಿಕರೆಲ್ಲ ಸಹಾಯ ನಿಲ್ಲಿಸಿದರು. ಆಗ ಒಬ್ಬ ಸೇಠರು ಕಾರಿನಲ್ಲಿ ಬಂದು, ಹೆಸರು ಹೇಳದೆ 13,000 ರೂಪಾಯಿ ಕೊಟ್ಟು ಹೋದರು. ಆ ಸೇಠರು ಅಂಬಾಲಾಲರೇ ಎಂದು ಚರಿತ್ರೆ ಬರೆದವರು ಗುರುತಿಸಿದ್ದಾರೆ. 1918ರಲ್ಲಿ ಅದೇ ಊರಿನಲ್ಲಿ ಗಿರಣಿ ಕಾರ್ಮಿಕರ ಮುಷ್ಕರವಾಯಿತು. ಮಾಲೀಕರ ಪಕ್ಷದ ಮುಂದಾಳು ಅಂಬಾಲಾಲರು, ಕಾರ್ಮಿಕರ ಪಕ್ಷದಲ್ಲಿ ಗಾಂಧೀಜಿಯ ಜೊತೆಗೆ ನಿಂತವರು ಅವರ ಸ್ವಂತ ಅಕ್ಕ ಅನಸೂಯಾಬೆನ್. ಇಷ್ಟಾದರೂ ಅಕ್ಕ ತಮ್ಮಂದಿರ ನಡುವಿನ ಬಾಂಧವ್ಯ ಮುರಿಯಲಿಲ್ಲ. ಇಂಥ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಒಂದೇ ವಿಷಯಕ್ಕೆ ಎರಡು ಅಭಿಪ್ರಾಯ ಇರಬಹುದು, ಆದರೂ ಒಟ್ಟಿಗೆ ಬಾಳಬಹುದು ಎಂಬುದನ್ನು ಯಾರೂ ಬೇರೆಯಾಗಿ ಪಾಠ ಮಾಡಬೇಕಾಗಿರಲಿಲ್ಲ.

ಅಂಬಾಲಾಲ್ ದಂಪತಿಗಳಿಗೆ ಎಂಟು ಮಂದಿ ಮಕ್ಕಳು. ಹಿರಿಯ ಮಗಳು ಮೃದುಲಾ ಮುಂದೆ ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರು ಮಾಡಿ ಜೈಲಿಗೂ ಹೋದರು. ಈ ಮಕ್ಕಳನ್ನು ಯಾವ ಶಾಲೆಗೆ ಸೇರಿಸುವುದು ಎಂಬ ಪ್ರಶ್ನೆ ಬಂದಾಗ ತಂದೆ ತಾಯಿಗೆ ಊರಿನ ಶಾಲೆಗಳು ಒಪ್ಪಿಗೆಯಾಗಲಿಲ್ಲ. ಬಾಯಿಪಾಠ, ಬೆತ್ತ, ಪರೀಕ್ಷೆ, ಇಷ್ಟೇ ಆಗಿನ ಶಾಲೆ. ಆ ಹೊತ್ತಿಗೆ ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿಯವರ ಬರಹಗಳು ದಂಪತಿಗಳ ಕೈಗೆ ಸಿಕ್ಕಿದ್ದವು. ಮಗು ತಾನಾಗಿಯೇ ಕಲಿಯಲು ಬಯಸುತ್ತದೆ, ದೊಡ್ಡವರ ಕೆಲಸ ಅದಕ್ಕೆ ಬೇಕಾದ ಸಾಮಾನು, ಸ್ಥಳ, ಸಮಯ ಒದಗಿಸುವುದು ಎಂಬುದು ಅವರ ತತ್ತ್ವದ ತಿರುಳು. ಮಾಂಟೆಸೊರಿಯವರು ಸ್ವತಃ ಭಾರತಕ್ಕೆ ಬಂದು ಮದರಾಸಿನಲ್ಲಿ ತರಬೇತಿ ನಡೆಸಿದ್ದು 1939ರಲ್ಲಿ. ಅದಕ್ಕೆ ಬಹಳ ಮೊದಲೇ ಅಹಮದಾಬಾದಿನ ಈ ಮನೆಯ ಆವರಣದಲ್ಲಿ ಅವರ ದಾರಿಯ ಶಾಲೆಯೊಂದು ನಡೆಯುತ್ತಿತ್ತು. ಇದೇ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರ ತೆರೆದದ್ದನ್ನು ಇಲ್ಲಿ ನೆನೆಯಬೇಕು. ಆ ಪ್ರಾಂತ್ಯದಲ್ಲಿ ಆಗ ಅಂಥ ಗಾಳಿ ಬೀಸುತ್ತಿತ್ತು.

ರಿಟ್ರೀಟಿನ ಶಾಲೆಯಲ್ಲಿ ಮನೆಯ ಮಕ್ಕಳೇ ವಿದ್ಯಾರ್ಥಿಗಳು. ಮಕ್ಕಳಿಗಿಂತ ಅಧ್ಯಾಪಕರ ಸಂಖ್ಯೆಯೇ ಹೆಚ್ಚಾಗಿದ್ದ ಕಾಲವೂ ಇತ್ತು. ಕೆಲವರು ಇಂಗ್ಲೆಂಡಿನಿಂದ ಬಂದವರು, ಕೆಲವರು ಇಲ್ಲಿಯವರು. ಭಾಷೆಗಳು, ಗಣಿತ, ವಿಜ್ಞಾನದ ಜೊತೆಗೆ ಸಂಗೀತ, ನೃತ್ಯ, ಚಿತ್ರ, ಮರಗೆಲಸ, ತೋಟದ ಕೆಲಸ ಎಲ್ಲವೂ ಇತ್ತು. ಯಾರಿಗೆ ಯಾವುದರಲ್ಲಿ ಆಸಕ್ತಿಯೋ ಅದಕ್ಕೆ ಹೆಚ್ಚು ಸಮಯ. ವಿಕ್ರಮರಿಗೆ ಯಂತ್ರಗಳ ಹುಚ್ಚು. ಅವರಿಗಾಗಿ ಮನೆಯಲ್ಲಿಯೇ ಒಂದು ವರ್ಕ್‌ಶಾಪ್ ಇತ್ತು, ಕೆಲಸ ಬಲ್ಲವರು ಪಕ್ಕದಲ್ಲಿದ್ದು ಹೇಳಿಕೊಡುತ್ತಿದ್ದರು. ಹದಿಹರೆಯದಲ್ಲಿ ವಿಕ್ರಮ್ ಅಲ್ಲಿ ನಿಜವಾಗಿ ಓಡುವ ಒಂದು ಪುಟ್ಟ ರೈಲು ಇಂಜಿನ್ ಮಾಡಿದರು. ಪುಸ್ತಕದಲ್ಲಿ ಉಗಿಯಂತ್ರದ ಚಿತ್ರ ನೋಡಿ ಪರೀಕ್ಷೆಯಲ್ಲಿ ಬಿಡಿಸುವುದು ಒಂದು ಬಗೆ. ಲೋಹ ಕೊರೆದು, ಸಂದಿಯಲ್ಲಿ ಉಗಿ ಸೋರಿದರೆ ಏಕೆ ಸೋರಿತು ಎಂದು ಹುಡುಕಿ, ಬಿಚ್ಚಿ ಮತ್ತೆ ಜೋಡಿಸುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ತಪ್ಪು ಮಾಡದೆ ಮುಂದೆ ಹೋಗುವುದೇ ಸಾಧ್ಯವಿಲ್ಲ.

ಅತಿಥಿಗಳೂ ಒಂದು ಪಾಠಶಾಲೆಯೇ ಆಗಿದ್ದರು. ರವೀಂದ್ರನಾಥ ಠಾಕೂರರು, ಗಾಂಧೀಜಿ, ನೆಹರೂ, ಸರ್ ಸಿ. ವಿ. ರಾಮನ್ ಮುಂತಾದವರು ಆ ಮನೆಗೆ ಬಂದು ಹೋಗುತ್ತಿದ್ದರು. ದೊಡ್ಡವರ ಮಾತುಕತೆಯಿಂದ ಮಕ್ಕಳನ್ನು ದೂರ ಕಳಿಸುವ ಪದ್ಧತಿ ಅಲ್ಲಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇದು ಹಣವಿದ್ದವರ ಶಾಲೆ. ಎಂಟು ಮಕ್ಕಳಿಗೆ ಅಷ್ಟೊಂದು ಅಧ್ಯಾಪಕರನ್ನು ಇಡುವ ಶಕ್ತಿ ಗಿರಣಿಯ ಒಡೆಯರಿಗೆ ಇತ್ತು, ಅದೇ ಗಿರಣಿಯಲ್ಲಿ ದುಡಿಯುವವರ ಮಕ್ಕಳಿಗೆ ಬಾಯಿಪಾಠದ ಶಾಲೆಯೂ ಸಿಕ್ಕರೆ ಪುಣ್ಯ ಎಂಬ ಸ್ಥಿತಿ. ಪ್ರಶ್ನೆ ಕೇಳಿ, ಕೈಯಿಂದ ಮಾಡಿ ಕಲಿಯುವ ವಿದ್ಯೆ ಶ್ರೀಮಂತರ ಮಕ್ಕಳಿಗೆ ಮಾತ್ರವೇ? ವಿಕ್ರಮರ ಮುಂದಿನ ಜೀವನದ ಹಲವು ಕೆಲಸಗಳನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಿದರೆ ಅರ್ಥವಾಗುತ್ತದೆ. ಅವರ ಅಕ್ಕ ಲೀನಾ ಅವರು 1947ರಲ್ಲಿ ಅಹಮದಾಬಾದಿನಲ್ಲಿ ಶ್ರೇಯಸ್ ಎಂಬ ಶಾಲೆ ತೆರೆದು, ಮನೆಯೊಳಗಿನ ಪದ್ಧತಿಯನ್ನು ಮೊದಲ ಬಾರಿಗೆ ಮನೆಯ ಗೇಟಿನಿಂದ ಆಚೆಗೆ ತಂದರು.

ಗುಜರಾತ್ ಕಾಲೇಜಿನ ಓದಿನ ನಂತರ ವಿಕ್ರಮ್ 1937ರಲ್ಲಿ ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜಿಗೆ ಹೋದರು. ಠಾಕೂರರು ಶಿಫಾರಸು ಪತ್ರ ಕೊಟ್ಟಿದ್ದರು. 1940ರಲ್ಲಿ ಪದವಿ ಮುಗಿಯುವಷ್ಟರಲ್ಲಿ ಮಹಾಯುದ್ಧ ಜೋರಾಗಿತ್ತು. ಅಲ್ಲಿ ಮುಂದುವರಿಯಲಾಗದೆ ಊರಿಗೆ ಮರಳಿದ ಅವರು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಗುರುಗಳು ಸರ್ ಸಿ. ವಿ. ರಾಮನ್. ಹೋಮಿ ಭಾಭಾ ಅವರೂ ಅದೇ ಕಾಲದಲ್ಲಿ ಅಲ್ಲಿಯೇ ಇದ್ದರು.

ವಿಕ್ರಮ್ ಕೈಗೆತ್ತಿಕೊಂಡ ವಿಷಯ ವಿಶ್ವಕಿರಣಗಳು. ಆಕಾಶದ ಎಲ್ಲ ದಿಕ್ಕುಗಳಿಂದ ಭೂಮಿಗೆ ಸದಾ ಬಂದು ಬೀಳುವ ಸೂಕ್ಷ್ಮ ಕಣಗಳಿವು. ಕಣ್ಣಿಗೆ ಕಾಣುವುದಿಲ್ಲ. ಗೈಗರ್ ನಳಿಕೆಗಳೆಂಬ ಸಾಧನಗಳನ್ನು ಒಂದರ ಮೇಲೊಂದು ಜೋಡಿಸಿ, ಎಲ್ಲ ನಳಿಕೆಗಳ ಮೂಲಕವೂ ಒಮ್ಮೆಗೇ ಹಾದುಹೋದ ಕಣವನ್ನು ಮಾತ್ರ ಲೆಕ್ಕ ಹಿಡಿಯಬೇಕು. ಬೆಳಿಗ್ಗೆ ಎಷ್ಟು ಬಂದವು, ಮಧ್ಯಾಹ್ನ ಎಷ್ಟು, ರಾತ್ರಿ ಎಷ್ಟು, ವ್ಯತ್ಯಾಸವಿದ್ದರೆ ಏಕೆ? ನೋಡಲು ಅಂಗಡಿಯ ದಿನವಹಿ ಲೆಕ್ಕದಂಥ ಕೆಲಸ. ತಿಂಗಳುಗಟ್ಟಲೆ ಬರೆದಿಟ್ಟ ಮೇಲೆ ಅದರಲ್ಲಿ ಸೂರ್ಯನ ನಡತೆಯ ಸುಳಿವು ಸಿಗುತ್ತದೆ. ರಾಮನ್ನರಿಗೂ ಹೂವಿನ ಬಣ್ಣ, ಸಮುದ್ರದ ನೀಲಿ, ಹರಳಿನ ಹೊಳಪು, ಹೀಗೆ ಎಲ್ಲರೂ ದಿನನಿತ್ಯ ನೋಡಿ ಸುಮ್ಮನಾಗುವ ವಸ್ತುಗಳ ಮೇಲೆಯೇ ಕುತೂಹಲ. ದುಬಾರಿ ಉಪಕರಣ ಇಲ್ಲದಿದ್ದರೂ ಒಳ್ಳೆಯ ಪ್ರಶ್ನೆ ಇದ್ದರೆ ವಿಜ್ಞಾನ ನಡೆಯುತ್ತದೆ ಎಂಬ ಪಾಠಕ್ಕೆ ಅವರಿಗಿಂತ ಬೇರೆ ಗುರು ಬೇಕಿರಲಿಲ್ಲ. 1942ರಲ್ಲಿ ವಿಕ್ರಮರ ಮೊದಲ ಸಂಶೋಧನಾ ಪ್ರಬಂಧ ಪ್ರಕಟವಾಯಿತು. ಅದೇ ವರ್ಷ ನೃತ್ಯ ಕಲಾವಿದೆ ಮೃಣಾಲಿನಿ ಸ್ವಾಮಿನಾಥನ್ ಅವರೊಂದಿಗೆ ವಿವಾಹ. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಡ್ಜಿಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಪಡೆದು ಬಂದರು.

ಆಗ ಅವರಿಗೆ 28 ವರ್ಷ. ಅದೇ 1947ರ ನವೆಂಬರಿನಲ್ಲಿ ಅಹಮದಾಬಾದಿನ ಎಂ. ಜಿ. ವಿಜ್ಞಾನ ಕಾಲೇಜಿನ ಕೆಲವೇ ಕೋಣೆಗಳಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಆರಂಭವಾಯಿತು. ಹವಾಮಾನ ವಿಜ್ಞಾನದಲ್ಲಿ ಹೆಸರಾಂತ ಡಾ. ಕೆ. ಆರ್. ರಾಮನಾಥನ್ ಅವರು ಅದರ ಮೊದಲ ನಿರ್ದೇಶಕರು. ಅವರೂ ರಾಮನ್ನರ ಶಿಷ್ಯರೇ. ಈ ಪ್ರಯೋಗಾಲಯದಲ್ಲಿ ಸಂಶೋಧನೆಗೆ ಬಂದ ಯುವಕರು ಉಪಕರಣವನ್ನು ತಾವೇ ಕಟ್ಟಿಕೊಳ್ಳಬೇಕಾಗಿತ್ತು. ಹೀಗೆ ಬಂದವರಲ್ಲಿ ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರೂ ಒಬ್ಬರು. ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದ ಅವರೇ ಮುಂದೆ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯುವ ಇಂಜಿನಿಯರುಗಳನ್ನು ಕಟ್ಟಿಕೊಂಡು 1975ರ ಆರ್ಯಭಟ ಉಪಗ್ರಹವನ್ನು ತಯಾರಿಸಿದವರು. ಆ ಯುವಕರಲ್ಲಿ ಯಾರೂ ಮೊದಲು ಉಪಗ್ರಹ ಕಟ್ಟಿದವರಲ್ಲ.

ಗೊತ್ತಿಲ್ಲದವರನ್ನು ನಂಬಿ ಕೆಲಸ ಕೊಡುವ ಈ ರೀತಿ ಸಾರಾಭಾಯಿಯವರದೇ. ಜವಳಿ ಗಿರಣಿಗಳಿಗಾಗಿ ಸ್ಥಾಪಿಸಿದ ಅಟಿರಾ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರಾದಾಗ, ಜವಳಿಯ ಅನುಭವವಿಲ್ಲದ ಯುವ ವಿಜ್ಞಾನಿಗಳನ್ನೇ ಅವರು ಹೆಚ್ಚಾಗಿ ಆರಿಸಿದರು. ಗಿರಣಿಯ ಹಳೆಯ ಮೇಸ್ತ್ರಿಗಳಿಗೆ ಇದು ತಮಾಷೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ನೂಲು ಏಕೆ ತುಂಡಾಗುತ್ತದೆ ಎಂದು ಕೇಳಿದರೆ ಹಳಬರ ಉತ್ತರ ಸಿದ್ಧವಾಗಿರುತ್ತದೆ, ಹೊಸಬ ಮಾತ್ರ ಅಳೆದು ನೋಡುತ್ತಾನೆ. ಡಾ. ಅಬ್ದುಲ್ ಕಲಾಂ ಅವರು ತಮ್ಮ ಆತ್ಮಕಥೆಯಲ್ಲಿ, ರಾಕೆಟ್ ಕೆಲಸಕ್ಕೆ ಸಾರಾಭಾಯಿ ತಮ್ಮನ್ನು ಸಂದರ್ಶನ ಮಾಡಿದ ರೀತಿಯನ್ನು ಬರೆದಿದ್ದಾರೆ. ಇವರಿಗೆ ಈಗ ಏನು ಗೊತ್ತಿದೆ ಎಂಬುದಕ್ಕಿಂತ ಮುಂದೆ ಏನಾಗಬಲ್ಲರು ಎಂಬುದರ ಮೇಲೆಯೇ ಅವರ ಗಮನ ಇತ್ತಂತೆ.

ಈ ನಡುವೆ ಮನೆತನದ ವ್ಯಾಪಾರವೂ ಇತ್ತು. ವಡೋದರೆಯ ಸಾರಾಭಾಯಿ ಕೆಮಿಕಲ್ಸ್ ಔಷಧ ಕಂಪನಿಯನ್ನು ಅವರು ನೋಡಿಕೊಳ್ಳುತ್ತಿದ್ದರು. ಕಂಪನಿಯಿಂದ ಮಾಲು ಹೊರಟ ಮೇಲೆ ಅಂಗಡಿಯ ಕಪಾಟಿನಲ್ಲಿ ಎಷ್ಟು ಉಳಿಯಿತು, ಗಿರಾಕಿಯ ಕೈಗೆ ಎಷ್ಟು ಹೋಯಿತು ಎಂಬ ಲೆಕ್ಕ ಆಗ ಯಾರ ಬಳಿಯೂ ಸರಿಯಾಗಿ ಇರಲಿಲ್ಲ. ಮಾರುಕಟ್ಟೆಯನ್ನು ಅಂದಾಜಿನಿಂದ ನೋಡದೆ ಎಣಿಸಿ ನೋಡುವ ಉದ್ದೇಶಕ್ಕೆ 1960ರಲ್ಲಿ ಆಪರೇಷನ್ಸ್ ರಿಸರ್ಚ್ ಗ್ರೂಪ್ ಎಂಬ ಸಂಸ್ಥೆ ಹುಟ್ಟಿತು. ವಿಶ್ವಕಿರಣ ಎಣಿಸಿದ ಕೈಯೇ ಔಷಧದ ಡಬ್ಬಿಗಳನ್ನೂ ಎಣಿಸಿತು ಎನ್ನಬಹುದು.

ಕಲಿಸುವ ವಿಧಾನದಲ್ಲಿ ಸಾರಾಭಾಯಿಯವರ ಬಹುದೊಡ್ಡ ಪ್ರಯೋಗ 1961ರ ಡಿಸೆಂಬರ್ 11ರಂದು ಸ್ಥಾಪನೆಯಾದ ಅಹಮದಾಬಾದಿನ ಭಾರತೀಯ ಪ್ರಬಂಧನ ಸಂಸ್ಥೆ, ಎಲ್ಲರೂ ಐಐಎಂ ಎನ್ನುವುದು ಇದನ್ನೇ. ಪಶ್ಚಿಮ ಭಾರತದ ಸಂಸ್ಥೆ ಮುಂಬಯಿಗೆ ಹೋಗಬೇಕೆಂಬ ಸಲಹೆ ಇತ್ತು. ಸಾರಾಭಾಯಿಯವರು, ಕಸ್ತೂರಭಾಯಿ ಲಾಲ್‌ಭಾಯಿಯವರಂಥ ಅಹಮದಾಬಾದಿನ ಉದ್ಯಮಿಗಳು ಮತ್ತು ಗುಜರಾತ್ ಸರಕಾರ ಸೇರಿ ಅದನ್ನು ಅಹಮದಾಬಾದಿಗೆ ತಂದರು. ಕಸ್ತೂರಭಾಯಿಯವರು ನಮ್ಮ ಸಮಾಜಕ್ಕೆ ತೀರ್ಥಕ್ಷೇತ್ರಗಳ ಜೀರ್ಣೋದ್ಧಾರದಿಂದ ಚಿರಪರಿಚಿತರು. ಸಾರಾಭಾಯಿಯವರೇ ಮೊದಲ ಗೌರವ ನಿರ್ದೇಶಕರು. ಅಟಿರಾದಲ್ಲಿ ಮನಶ್ಶಾಸ್ತ್ರ ವಿಭಾಗ ನೋಡಿಕೊಂಡಿದ್ದ ಡಾ. ಕಮಲಾ ಚೌಧರಿಯವರು ಮೊದಲ ಅಧ್ಯಾಪಕರಲ್ಲಿ ಪ್ರಮುಖರು. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಹಯೋಗ ಪಡೆದದ್ದಕ್ಕೆ ಮುಖ್ಯ ಕಾರಣ ಅಲ್ಲಿಯ ಪಾಠದ ರೀತಿ. ಅದಕ್ಕೆ ಕೇಸ್ ಪದ್ಧತಿ ಎನ್ನುತ್ತಾರೆ.

ಈ ಪದ್ಧತಿ ಹೇಗೆಂದರೆ, ಅಧ್ಯಾಪಕರು ಭಾಷಣ ಮಾಡುವುದಿಲ್ಲ. ವಿದ್ಯಾರ್ಥಿಗಳ ಕೈಗೆ ಹಿಂದಿನ ದಿನವೇ ಕೆಲವು ಪುಟಗಳ ಒಂದು ಸಂದರ್ಭವನ್ನು ಕೊಡುತ್ತಾರೆ. ಉದಾಹರಣೆಗೆ ಒಬ್ಬ ಗಿರಣಿ ಮಾಲೀಕನ ಗೋದಾಮಿನಲ್ಲಿ ಹಬ್ಬದ ಮಾಲು ಉಳಿದುಬಿಟ್ಟಿದೆ, ಬ್ಯಾಂಕು ಬಾಕಿ ಕೇಳುತ್ತಿದೆ, ಹಳೆಯ ಏಜೆಂಟರು ಹೆಚ್ಚು ಕಮಿಷನ್ ಬೇಡುತ್ತಿದ್ದಾರೆ, ಮಗ ಹೊಸ ಮಗ್ಗ ತರಿಸಬೇಕೆನ್ನುತ್ತಾನೆ. ಲೆಕ್ಕಪತ್ರದ ಅಂಕಿಗಳೂ ಜೊತೆಗಿರುತ್ತವೆ, ಬೇಕಾದ ಎಲ್ಲ ಮಾಹಿತಿಯೂ ಇರುವುದಿಲ್ಲ. ನೀವು ಆ ಮಾಲೀಕನಾಗಿದ್ದರೆ ನಾಳೆ ಬೆಳಿಗ್ಗೆ ಏನು ಮಾಡುತ್ತೀರಿ? ವಿದ್ಯಾರ್ಥಿಗಳು ರಾತ್ರಿ ಓದಿ, ಚಿಕ್ಕ ಗುಂಪುಗಳಲ್ಲಿ ಚರ್ಚಿಸಿ ತರಗತಿಗೆ ಬರುತ್ತಾರೆ. ಒಬ್ಬ ಮಾಲು ನಷ್ಟಕ್ಕೆ ಮಾರೋಣ ಎನ್ನುತ್ತಾನೆ, ಇನ್ನೊಬ್ಬಳು ಯಾವ ಅಂಕಿಯ ಆಧಾರದ ಮೇಲೆ ಎಂದು ಕೇಳುತ್ತಾಳೆ. ಅಧ್ಯಾಪಕರು ಮಧ್ಯೆ ಮಧ್ಯೆ ಪ್ರಶ್ನೆ ಹಾಕುತ್ತಾರೆ, ಬೋರ್ಡಿನ ಮೇಲೆ ಅಭಿಪ್ರಾಯಗಳನ್ನು ಬರೆಯುತ್ತಾರೆ. ಕೊನೆಗೆ ಇದೇ ಸರಿ ಉತ್ತರ ಎಂದು ಹೇಳಿಕೊಡದೆಯೇ ಗಂಟೆ ಮುಗಿಯಬಹುದು. ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಆ ಸಂಸ್ಥೆಗೆ ಕಟ್ಟಿದ ಕೆಂಪು ಇಟ್ಟಿಗೆಯ ಕಟ್ಟಡದ ತರಗತಿಗಳಲ್ಲಿ ಆಸನಗಳು ಕುದುರೆ ಲಾಳದ ಆಕಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿವೆ. ವಿದ್ಯಾರ್ಥಿಗಳು ಅಧ್ಯಾಪಕರ ಮುಖವನ್ನಷ್ಟೇ ಅಲ್ಲದೆ ಒಬ್ಬರ ಮುಖ ಇನ್ನೊಬ್ಬರು ನೋಡಿ ಮಾತಾಡಲು ಇದರಿಂದ ಅನುಕೂಲ.

ಒಂದು ವಸ್ತುವನ್ನು ಹಲವು ಕಡೆಯಿಂದ ನೋಡುವುದು ಎಂದ ಕೂಡಲೇ ಜೈನರಿಗೆ ಅನೇಕಾಂತ ನೆನಪಾಗುತ್ತದೆ. ಹಾಗೆಂದು ಕೇಸ್ ಪದ್ಧತಿಯನ್ನು ಅನೇಕಾಂತದ ಖಾತೆಗೆ ಜಮಾ ಮಾಡಿಕೊಳ್ಳುವುದು ಬೇಡ. ಅದು ಹಾರ್ವರ್ಡಿನಿಂದ ಬಂದದ್ದು. ಅನೇಕಾಂತ ತಿಳಿದವರಿಗೆ ಅದು ಬೇಗ ಒಗ್ಗಬಹುದು ಎಂಬಷ್ಟೇ ನಿಜ.

ಇಲ್ಲಿಯ ಅಧ್ಯಾಪಕರನ್ನು ಹಾರ್ವರ್ಡಿಗೆ ತರಬೇತಿಗೆ ಕಳಿಸಲಾಯಿತು. ಅವರು ಹಿಂದಿರುಗಿ ಭಾರತದ ಕಂಪನಿಗಳಿಗೆ ಹೋಗಿ, ಕುಳಿತು, ಮಾಲೀಕರನ್ನೂ ಕೆಲಸಗಾರರನ್ನೂ ಮಾತಾಡಿಸಿ ಇಲ್ಲಿಯವೇ ಆದ ಸಂದರ್ಭಗಳನ್ನು ಬರೆದರು. ವ್ಯಾಪಾರಿಗಳು ಹೊರಗಿನವರಿಗೆ ಲೆಕ್ಕ ತೋರಿಸುವುದು ಅಷ್ಟು ಸುಲಭವಲ್ಲ ಎಂಬುದು ಗದ್ದುಗೆಯ ಮೇಲೆ ಕುಳಿತವರಿಗೆಲ್ಲ ಗೊತ್ತು. ಅಹಮದಾಬಾದಿನ ಸೇಠರು ಬಾಗಿಲು ತೆರೆದದ್ದರಲ್ಲಿ ಸಾರಾಭಾಯಿಯವರ ಮೇಲಿನ ವಿಶ್ವಾಸದ ಪಾಲು ದೊಡ್ಡದು. 1965ರಲ್ಲಿ ಅವರು ನಿರ್ದೇಶಕ ಸ್ಥಾನವನ್ನು ಇನ್ನೂ 40 ತುಂಬದ ರವಿ ಮಥಾಯಿಯವರಿಗೆ ಬಿಟ್ಟುಕೊಟ್ಟರು. ಸಂಸ್ಥೆಯಲ್ಲಿ ಕೃಷಿಗೆ ಬೇರೆ ಕೇಂದ್ರ ಇದ್ದರೂ, ಅಲ್ಲಿ ಕಲಿತ ಹೆಚ್ಚಿನವರು ದೊಡ್ಡ ಕಂಪನಿಗಳ ಕಡೆಗೇ ಹೋದರು ಎಂಬ ದೂರು ಮೊದಲಿನಿಂದಲೂ ಇದೆ, ಅದು ಸುಳ್ಳಲ್ಲ.

ಶಾಲಾ ಮಕ್ಕಳ ಪಾಲಿಗೆ ಸಾರಾಭಾಯಿಯವರು ಬಿಟ್ಟುಹೋದ ಆಸ್ತಿ ಎಂದರೆ ಅಹಮದಾಬಾದಿನ ನವರಂಗಪುರದಲ್ಲಿರುವ ಸಮುದಾಯ ವಿಜ್ಞಾನ ಕೇಂದ್ರ. 1960ರ ದಶಕದ ಮೊದಲ ವರ್ಷಗಳಲ್ಲಿಯೇ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಊರಿನ ಶಾಲಾ ಅಧ್ಯಾಪಕರನ್ನು ಕರೆದು ವಿಜ್ಞಾನದ ಪಾಠ ಹೇಗೆ ಸುಧಾರಿಸಬಹುದು ಎಂದು ಮಾತಾಡತೊಡಗಿದ್ದರು. ಶಾಲೆಗಳ ಸ್ಥಿತಿ ಎಲ್ಲರಿಗೂ ಗೊತ್ತಿದ್ದದ್ದೇ. ಪ್ರಯೋಗಾಲಯ ಇದ್ದರೆ ಅದರ ಕಪಾಟಿಗೆ ಬೀಗ. ಪ್ರಯೋಗ ಮಾಡಿಸಿದರೂ ಉತ್ತರ ಮೊದಲೇ ಪುಸ್ತಕದಲ್ಲಿ ಇರುತ್ತದೆ, ಬಂದ ಅಳತೆಯನ್ನು ಅದಕ್ಕೆ ತಕ್ಕಂತೆ ತಿದ್ದಿ ಬರೆದರೆ ಅಂಕ ಸಿಗುತ್ತದೆ. ತಿದ್ದದೆ ಬರೆದ ಹುಡುಗನಿಗೆ ಅಂಕ ಕಡಿಮೆ. ಈ ಬಗೆಯ ಪಾಠದಿಂದ ಮಗು ಕಲಿಯುವುದು ವಿಜ್ಞಾನವನ್ನಲ್ಲ, ಸಣ್ಣ ಪ್ರಮಾಣದ ಸುಳ್ಳನ್ನು. ಸತ್ಯವನ್ನು ವ್ರತವಾಗಿ ಇಟ್ಟುಕೊಂಡ ಮನೆಗಳ ಮಕ್ಕಳೂ ಇದನ್ನು ಮಾಡಿಯೇ ಪಾಸಾಗುತ್ತಾರೆ ಎಂಬುದನ್ನು ಯಾರೂ ಯೋಚಿಸುವುದಿಲ್ಲ.

ಹೊಸ ಕೇಂದ್ರದಲ್ಲಿ ಭೌತಶಾಸ್ತ್ರ, ರಸಾಯನ, ಜೀವಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್ ಎಲ್ಲಕ್ಕೂ ಪ್ರಯೋಗಾಲಯಗಳು ಬಂದವು, ಜೊತೆಗೆ ಒಂದು ವರ್ಕ್‌ಶಾಪ್. ಗಣಿತಕ್ಕೂ ಪ್ರಯೋಗಾಲಯ ಎಂಬುದು ಆಗ ಹೊಸ ಮಾತು. ಕಾಗದ ಮಡಿಸಿ, ಮರದ ತುಂಡು ಜೋಡಿಸಿ, ದಾರ ಹಿಡಿದು ಅಳೆದು ಸೂತ್ರ ಎಲ್ಲಿಂದ ಬಂತೆಂದು ಮಕ್ಕಳು ಕಣ್ಣಾರೆ ನೋಡುವುದು. ಯಾವ ಶಾಲೆಯ ಮಗುವಾದರೂ ಬರಬಹುದು, ಮುಟ್ಟಬಹುದು, ಬಿಚ್ಚಬಹುದು, ತನ್ನದೇ ಪ್ರಶ್ನೆ ಹಿಡಿದು ಅದರ ಹಿಂದೆ ಹೋಗಬಹುದು. ಅಧ್ಯಾಪಕರಿಗೆ ತರಬೇತಿಯೂ ಅಲ್ಲಿಯೇ. ಅಂಬಾಲಾಲರು ತಮ್ಮ ಎಂಟು ಮಕ್ಕಳಿಗೆ ಮನೆಯಲ್ಲಿ ಒದಗಿಸಿದ ವರ್ಕ್‌ಶಾಪನ್ನು ಮಗ ಊರಿನ ಮಕ್ಕಳಿಗೆ ಒದಗಿಸಿದ್ದು ಹೀಗೆ.

1968ರ ಡಿಸೆಂಬರ್ 22ರಂದು ಈ ಕೇಂದ್ರದ ಸ್ಥಾಪನೆಯ ಸಮಾರಂಭಕ್ಕೆ ಸಾರಾಭಾಯಿಯವರು ಕರೆದದ್ದು ಬೆಂಗಳೂರಿನ ತಮ್ಮ ಗುರುಗಳನ್ನು. ರಾಮನ್ನರಿಗೆ ಆಗ 80 ವರ್ಷ. ಅವರು ಆರಿಸಿಕೊಂಡ ವಿಷಯ, ಆಕಾಶ ಏಕೆ ನೀಲಿಯಾಗಿದೆ ಎಂಬುದು. ಐದು ವರ್ಷದ ಮಗು ಅಮ್ಮನನ್ನು ಕೇಳುವ ಪ್ರಶ್ನೆ ಇದು. ನೊಬೆಲ್ ಪಡೆದ ವಿಜ್ಞಾನಿ ಅದನ್ನೇ ಹಿಡಿದು, ನೋಡಿದ್ದನ್ನು ಸುಮ್ಮನೆ ಒಪ್ಪಿಕೊಳ್ಳದೆ ಒಂದರ ಬೆನ್ನಿಗೆ ಒಂದು ಪ್ರಶ್ನೆ ಹಾಕುತ್ತ ಹೋದರೆ ಎಲ್ಲಿಗೆ ತಲುಪಬಹುದೆಂದು ಸಭೆಗೆ ತೋರಿಸಿದರು. ಆ ಉಪನ್ಯಾಸ ನಂತರ ಅಚ್ಚಾಗಿ ಪ್ರಸಿದ್ಧವಾಯಿತು. ಎರಡು ವರ್ಷದೊಳಗೆ, 1970ರ ನವೆಂಬರಿನಲ್ಲಿ, ರಾಮನ್ ತೀರಿಕೊಂಡರು.

ಅಷ್ಟು ಹೊತ್ತಿಗೆ ಸಾರಾಭಾಯಿಯವರ ಹೆಗಲ ಮೇಲಿನ ಭಾರ ಬಹಳ ಹೆಚ್ಚಾಗಿತ್ತು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತ್ತು. 1966ರ ಜನವರಿಯಲ್ಲಿ ಭಾಭಾ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಅಣುಶಕ್ತಿ ಆಯೋಗದ ಅಧ್ಯಕ್ಷತೆಯೂ ಇವರಿಗೆ ಬಂತು. ಅದೇ ವರ್ಷ ಪದ್ಮಭೂಷಣ. 1969ರಲ್ಲಿ ಇಸ್ರೊ ಸ್ಥಾಪನೆ. ಅಹಮದಾಬಾದ್, ಮುಂಬಯಿ, ದೆಹಲಿ, ತಿರುವನಂತಪುರ ಎಂದು ವಾರವಿಡೀ ಓಡಾಟ. ಹೆಂಡತಿ, ಮಗ ಕಾರ್ತಿಕೇಯ, ಮಗಳು ಮಲ್ಲಿಕಾ ಅವರ ಪಾಲಿಗೆ ಉಳಿದ ಸಮಯ ಸ್ವಲ್ಪವೇ.

ಇದೇ ದಿನಗಳಲ್ಲಿ ಅವರ ತಲೆಯಲ್ಲಿ ಇನ್ನೊಂದು ಯೋಜನೆ ಬೆಳೆದಿತ್ತು. ಒಳ್ಳೆಯ ಶಾಲೆ, ಒಳ್ಳೆಯ ಅಧ್ಯಾಪಕ, ಪ್ರಯೋಗಾಲಯ ಇಲ್ಲದ ಹಳ್ಳಿಗೆ ಉಪಗ್ರಹದ ಮೂಲಕ ದೂರದರ್ಶನ ತಲುಪಿಸಿ ಪಾಠ ಮಾಡುವುದು. ರಸ್ತೆಯೇ ಇಲ್ಲದ ಊರಿಗೆ ದೂರದರ್ಶನವೇ ಎಂದು ನಕ್ಕವರು ಇದ್ದರು. ಅವರ ಲೆಕ್ಕ ಬೇರೆ ಇತ್ತು. ಎಲ್ಲ ಹಳ್ಳಿಗಳಿಗೂ ತರಬೇತಿ ಪಡೆದ ಅಧ್ಯಾಪಕರು ತಲುಪುವುದನ್ನು ಕಾಯುತ್ತ ಕುಳಿತರೆ ಎರಡು ತಲೆಮಾರು ಕಳೆದುಹೋಗುತ್ತದೆ. 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದವಾಯಿತು. ಯೋಜನೆಯ ಹೆಸರು ಸೈಟ್. ಅದು ಜಾರಿಗೆ ಬರುವುದನ್ನು ನೋಡಲು ಅವರೇ ಉಳಿಯಲಿಲ್ಲ.

1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಇದು ನಡೆಯಿತು. ಅವುಗಳಲ್ಲಿ ನಮ್ಮ ಕರ್ನಾಟಕದ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ದೊಡ್ಡ ಆಂಟೆನಾ, ಶಾಲೆಯಲ್ಲಿಯೋ ಪಂಚಾಯತಿ ಕಟ್ಟಡದಲ್ಲಿಯೋ ಒಂದು ಟಿವಿ. ಬೆಳಿಗ್ಗೆ ಕನ್ನಡದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ. ಮಕ್ಕಳ ವಿಜ್ಞಾನ ಕಾರ್ಯಕ್ರಮಗಳು ಮಾಹಿತಿ ತುಂಬುವುದಕ್ಕಿಂತ ಸುತ್ತಲಿನ ವಸ್ತುಗಳನ್ನು ಗಮನಿಸಲು, ಏಕೆ ಎಂದು ಕೇಳಲು ಹಚ್ಚುವಂತೆ ತಯಾರಾಗಿದ್ದವು. ಊರಿನ ಮುಖವನ್ನೇ ದಾಟದ ಎಷ್ಟೋ ಮಕ್ಕಳು ಅಲ್ಲಿ ಮೊದಲ ಬಾರಿಗೆ ಚಲಿಸುವ ಚಿತ್ರ ನೋಡಿದರು.

ಕೊರತೆಗಳೂ ಇದ್ದವು. ಟಿವಿ ಒಂದು ಕಡೆಯಿಂದ ಮಾತ್ರ ಮಾತಾಡುತ್ತದೆ, ಮಗು ಕೇಳಿದ ಪ್ರಶ್ನೆ ಅದಕ್ಕೆ ಕೇಳಿಸುವುದಿಲ್ಲ. ರಿಟ್ರೀಟಿನಲ್ಲಿ ಬಾಲಕ ವಿಕ್ರಮನ ಪಕ್ಕದಲ್ಲಿ ಕುಳಿತಿದ್ದಂಥ ಮನುಷ್ಯ ಆ ಹಳ್ಳಿಯ ಶಾಲೆಯಲ್ಲಿ ಇರಲಿಲ್ಲ. ಇದ್ದ ಒಬ್ಬ ಮೇಷ್ಟ್ರೇ ಟಿವಿ ಆರಿದ ಮೇಲೆ ಮಾತು ಮುಂದುವರಿಸಬೇಕು. ಅದಕ್ಕಾಗಿಯೇ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಅದೇ ಉಪಗ್ರಹದ ಮೂಲಕ ವಿಜ್ಞಾನ ಬೋಧನೆಯ ತರಬೇತಿ ಕೊಡಲಾಯಿತು. ವರ್ಷ ಮುಗಿದು ಉಪಗ್ರಹ ಅಮೆರಿಕದ ಕಡೆಗೆ ಸರಿದಾಗ ಹಳ್ಳಿಗಳ ಟಿವಿಗಳು ಮೌನವಾದವು. ಮುಂದೆ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಬಂದದ್ದು ಈ ಪ್ರಯೋಗದ ಬೆನ್ನಿಗೇ.

ಸಾರಾಭಾಯಿಯವರು 1971ರ ಡಿಸೆಂಬರ್ 30ರ ರಾತ್ರಿ ಕೋವಳಂನ ವಸತಿಗೃಹದಲ್ಲಿ ನಿದ್ರೆಯಲ್ಲಿಯೇ ತೀರಿಕೊಂಡರು. ತುಂಬಾದ ಕೆಲಸ ನೋಡಲು ಬಂದಿದ್ದರು. ವಯಸ್ಸು 52. ಮರುವರ್ಷ ಮರಣೋತ್ತರ ಪದ್ಮವಿಭೂಷಣ ಬಂತು, ತುಂಬಾದ ಕೇಂದ್ರಕ್ಕೆ ಅವರ ಹೆಸರಾಯಿತು. ಪ್ರೊ. ಸತೀಶ್ ಧವನ್ ಅವರ ಕಾಲದಲ್ಲಿ ಇಸ್ರೊ ಕೇಂದ್ರ ಕಚೇರಿ ಬೆಂಗಳೂರಿಗೆ ಬಂತು. ಮಗ ಕಾರ್ತಿಕೇಯ ಅವರು 1984ರಲ್ಲಿ ಪರಿಸರ ಶಿಕ್ಷಣ ಕೇಂದ್ರ ಸ್ಥಾಪಿಸಿ ಮಕ್ಕಳ ಕಲಿಕೆಯ ಕೆಲಸವನ್ನು ಮುಂದುವರಿಸಿದರು. ಅದರ ದಕ್ಷಿಣ ಭಾರತದ ಕಚೇರಿ ಬೆಂಗಳೂರಿನಲ್ಲಿದೆ.

ನವರಂಗಪುರದ ಸಮುದಾಯ ವಿಜ್ಞಾನ ಕೇಂದ್ರಕ್ಕೂ ಈಗ ವಿಕ್ರಮ್ ಎ. ಸಾರಾಭಾಯಿಯವರದೇ ಹೆಸರು. ಗುಜರಾತಿನ ತೀರ್ಥಯಾತ್ರೆಗೆಂದು ಪಾಲಿತಾಣ, ಗಿರಿನಾರ್‌ಗೆ ಹೋಗುವ ಕರ್ನಾಟಕದ ಕುಟುಂಬಗಳು ಅಹಮದಾಬಾದಿನಲ್ಲಿ ಇಳಿದೇ ಹೋಗುತ್ತವೆ. ಜೊತೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅರ್ಧ ದಿನ ಉಳಿಸಿಕೊಂಡು ಈ ಕೇಂದ್ರವನ್ನೂ ತೋರಿಸಿಕೊಂಡು ಬರಬಹುದು. ವಿಕ್ರಮ್ ಹುಡುಗನಾಗಿದ್ದಾಗ ತಮ್ಮ ಮನೆಯ ವರ್ಕ್‌ಶಾಪಿನಲ್ಲಿ ಮಾಡಿದ ಆ ಪುಟ್ಟ ರೈಲು ಇಂಜಿನ್ ಅಲ್ಲಿಯೇ ಇದೆ.